ಹೀಗಾಗುವ ಮುನ್ನ ಬನ್ನಿ

ವಿಜಿಯನ್ನು ಮರಕ್ಕೆ ಕಟ್ಟಿಹಾಕುತ್ತಿದ್ದರು. ಹೌದು, ಕಟ್ಟಿಹಾಕುತ್ತಿದ್ದರು. ಕಟ್ಟುತ್ತಿದ್ದವಳು ಹೆತ್ತ ತಾಯಿ ಫಕೀರಮ್ಮ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಅಯ್ಯೋ ಪಾಪ ಅನ್ನುವವರು ಈಗಲೇ ಅಂದು ಮುಗಿಸಲಿ. ಮುಂದೆ ಅದಕ್ಕೆ ಪುರುಸೊತ್ತು ಸಿಗುವುದಿಲ್ಲ.

ಸಿದ್ದಾಪುರದಿಂದ ಕಾಲುವೆಯ ಗುಂಟ ಹೋದರೆ ಅವರ ಊರು ಸಿಗುತ್ತದೆ. ಊರಿನ ಹೆಸರು ಕಟ್ಟಿಕೊಂಡು ಏನಾಗಬೇಕು? ಕಾಲುವೆ ನೀರು ಬಂದ ಕಡೆಯೆಲ್ಲ ಕಥೆ ಒಂದೇ. ಗದ್ದೆ ಸಾಹುಕಾರರದು. ಗದ್ದೆಯಲ್ಲಿ ಬಗ್ಗಿದ ಬೆನ್ನು ಕೇರಿಯವರದು. ನೆಲ್ಲು ನಾಟಿ ಮಾಡುವ ಹೆಂಗಸರು ಗುಂಪು ಕಟ್ಟಿಕೊಂಡು ಎಕರೆ ಲೆಕ್ಕದಲ್ಲಿ ಗುತ್ತಿಗೆ ಹಿಡಿಯುತ್ತಾರೆ. ಮೊಣಕಾಲುದ್ದ ಕೆಸರಿನಲ್ಲಿ ಸಾಲಾಗಿ ನಿಂತು, ಬಗ್ಗಿ, ಹಿಂದೆ ಹಿಂದೆ ಸರಿಯುತ್ತ ಸಸಿ ಊರಬೇಕು. ನಡುವೆ ಒಬ್ಬಳು ಎದ್ದು ಹೋದರೆ ಅವಳ ಪಾಲಿನ ನೆಲ ಪಕ್ಕದವಳ ಮೈಮೇಲೆ ಬೀಳುತ್ತದೆ. ಸಂಜೆಯ ಹೊತ್ತಿಗೆ ಬೆರಳ ಸಂದಿಗಳು ಕೊಳೆತು ಬಿಳಿಚಿಕೊಂಡಿರುತ್ತವೆ. ಸೊಂಟ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಅಂಥ ಸಾಲಿನಿಂದ ಫಕೀರಮ್ಮ ಗಳಿಗೆಗೊಮ್ಮೆ ಎದ್ದು ಓಡುತ್ತಿದ್ದಳು.

ಓಡುತ್ತಿದ್ದದ್ದು ಮಗಳ ಹಿಂದೆ. ವಿಜಯಲಕ್ಷ್ಮಿಗೆ, ಅಂದರೆ ವಿಜಿಗೆ, ಮಾತು ಬರುವುದಿಲ್ಲ. ಹೇಳಿದ್ದು ತಲೆಗೆ ಹೋಗುವುದೂ ಅಷ್ಟಕ್ಕಷ್ಟೆ. ಹೆದರಿಕೆ ಎಂಬುದು ಇಲ್ಲವೇ ಇಲ್ಲ. ಹರಿಯುವ ನೀರು ಕಂಡರೆ ಸಾಕು, ಕೈ ಬಡಿಯುತ್ತ, ನಗುತ್ತ, ನೆಟ್ಟಗೆ ಅದರೊಳಗೆ ನಡೆದುಬಿಡುತ್ತಾಳೆ. ಒಮ್ಮೆ ಕಾಲುವೆಗೆ ಇಳಿದೇಬಿಟ್ಟಿದ್ದಳು. ಟ್ರ್ಯಾಕ್ಟರ್ ಓಡಿಸುವ ರಫೀ ಹಾರಿ, ಜಡೆ ಹಿಡಿದು ಎಳೆದುಹಾಕಿದ. ಅವತ್ತು ಗುಂಪಿನ ಮುಂದಾಳು ಶಹನಾಜಬೇಗಂ ಕೆಸರುಗೈಯಲ್ಲೇ ಬಂದು ಫಕೀರಮ್ಮನ ಎದುರು ನಿಂತಳು.

“ಕಟ್ಟು,” ಅಂದಳು.

“ನನ್ನ ಮಗಳೇನು ದನ ಏನಕ್ಕಾ?”

“ದನ ಸತ್ರ ಇನ್ನೊಂದು ತರಬಹುದು. ಕಟ್ಟು.”

ಹಾಗೆ ಶುರುವಾಯಿತು. ಆಮೇಲೆ ಎಲ್ಲಿ ಕೆಲಸಕ್ಕೆ ಹೋದರೂ ಗುಂಪು ಮೊದಲು ನೋಡುತ್ತಿದ್ದದ್ದು ಗದ್ದೆಯನ್ನಲ್ಲ, ಬದುವಿನ ಮೇಲೆ ನೆರಳು ಕೊಡುವ ಮರ ಇದೆಯೋ ಇಲ್ಲವೋ ಎಂದು. ಫಕೀರಮ್ಮನ ಹಳೆಯ ಹಳದಿ ಸೀರೆ, ಉಟ್ಟು ಉಟ್ಟು ಮೆತ್ತಗಾದದ್ದು. ಸೊಂಟಕ್ಕೆ ಸಡಿಲ ಗಂಟು. ಕೈಕಾಲು ಖುಲ್ಲಾ. ಸುತ್ತ ಓಡಾಡಬಹುದು, ಕಾಲುವೆಗೆ ಮುಟ್ಟಬಾರದು, ಅಷ್ಟು ಉದ್ದ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಗುಂಪಿನವರು ಸರದಿಯ ಮೇಲೆ ಉಣ್ಣಿಸುತ್ತಿದ್ದರು. ವಿಜಿ ರೊಟ್ಟಿ ಉಂಡು ಮರದ ತೊಗಟೆ ಕೆರೆಯುತ್ತ ಕೂಡುತ್ತಿದ್ದಳು.

ಶಾಲೆಗೆ ಕಳಿಸಬಾರದಿತ್ತೇ ಎಂದು ಕೇಳುವವರಿದ್ದಾರೆ. ಕಳಿಸಿದ್ದಳು. ಊರ ಸರಕಾರಿ ಶಾಲೆಯಲ್ಲಿ ವಿಜಿ ಪಕ್ಕದ ಹುಡುಗಿಯ ಪುಸ್ತಕ ಹರಿದಳು, ಕೂತಲ್ಲೇ ಒಂದಕ್ಕೆ ಮಾಡಿಕೊಂಡಳು. ಹೆಡ್ ಮಾಸ್ತರರು ಫಕೀರಮ್ಮನನ್ನು ಕರೆಸಿ, ಬಾಗಿಲ ಹೊರಗೇ ನಿಲ್ಲಿಸಿ ಮಾತಾಡಿದರು.

“ಇಂಥಾ ಮಕ್ಕಳಿಗೆ ಬ್ಯಾರೆ ಸಾಲಿ ಇರ್ತಾವವ್ವ. ಇಲ್ಲಿ ಇಟ್ಕೊಂಡ್ರ ಉಳದ ಮಕ್ಕಳು ಕೆಡ್ತಾವ.”

“ಎಲ್ಲಿ ಇರ್ತಾವ್ರೀ ಸರ?”

“ಇರ್ತಾವ. ವಿಚಾರಿಸ್ಬೇಕು.”

ಎಲ್ಲಿ ಎಂದು ಅವರಿಗೂ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳುವ ಗರಜೂ ಇರಲಿಲ್ಲ. ತಮ್ಮ ಅಂಗಳದಿಂದ ಆಚೆ ಹೋದರೆ ಸಾಕಾಗಿತ್ತು. ವಿಜಿ ಆಚೆ ಹೋದಳು.

ಹೋದ ವರ್ಷ ವಿಜಿ ದೊಡ್ಡವಳಾದಳು. ಆಮೇಲೆ ಮರದ ಆಸರೆಯೂ ತಪ್ಪಿತು. ಬದುವಿನ ರಸ್ತೆಯಲ್ಲಿ ಬೈಕು ನಿಲ್ಲಿಸಿ ನೋಡುವವರು ಹುಟ್ಟಿಕೊಂಡರು. ಒಬ್ಬ ಬಿಸ್ಕಿಟ್ ಪೊಟ್ಟಣ ಹಿಡಿದು ಮರದ ಬುಡಕ್ಕೇ ಬಂದಿದ್ದ. ಶಹನಾಜಬೇಗಂ ಕೆಸರಿನ ಮುದ್ದೆ ಎತ್ತಿ ಅವನ ಮುಖಕ್ಕೆ ಒಗೆದಳು. ಅವನು ಹಲ್ಲು ಕಿರಿಯುತ್ತ ಹೋದ. ಕಟ್ಟಿದ ಹುಡುಗಿ ಎಲ್ಲಿಗೂ ಓಡುವುದಿಲ್ಲ ಎಂಬುದು ಅವನಿಗೆ ಗೊತ್ತಾಗಿತ್ತು. ಬಿಟ್ಟರೆ ಕಾಲುವೆ, ಕಟ್ಟಿದರೆ ಗಂಡಸರು. ಮನೆಯಲ್ಲಿ ಬಿಟ್ಟು ಬರೋಣವೆಂದರೆ ತಗಡಿನ ಬಾಗಿಲು, ಯಾರು ಬೇಕಾದರೂ ಒದ್ದರೆ ಬೀಳುತ್ತದೆ. ಗಂಡ ಓಬಳೆಪ್ಪ ಕಾರಟಗಿಯಲ್ಲಿ ರೈಸ್ ಮಿಲ್ಲಿನ ಹಮಾಲಿ. ಬೆಳಗಾಗುವ ಮೊದಲು ಹೋಗಿ ಚೀಲ ಹೊರಲು ನಿಂತರೆ ಕತ್ತಲಾದ ಮೇಲೇ ಮನೆ. ಹಗಲು ಹೊತ್ತು ಮಗಳನ್ನು ಎಲ್ಲಿಡಬೇಕು? ಫಕೀರಮ್ಮನ ಬದುಕಿನ ಪ್ರಶ್ನೆ ಈಗ ಇದೊಂದೇ ಆಗಿತ್ತು. ಸಸಿ ಊರುವಾಗ ಅದೇ, ರೊಟ್ಟಿ ತಟ್ಟುವಾಗ ಅದೇ.

ಅಂಥ ದಿನಗಳಲ್ಲೇ ಕಾಶಿನಾಥ ಸರ್ ಬಂದರು.

ಬಂದದ್ದು ಫಕೀರಮ್ಮನಿಗಾಗಿ ಅಲ್ಲ. ಹಂಪಣ್ಣ ಸಾಹುಕಾರರಿಗಾಗಿ. ಅವತ್ತು ನಾಟಿ ನಡೆದಿದ್ದ ಗದ್ದೆ ಹಂಪಣ್ಣನದು. ಬದು ಅವನದು, ಮರ ಅವನದು, ಓಬಳೆಪ್ಪ ಚೀಲ ಹೊರುವ ಮಿಲ್ಲೂ ಅವನದೇ. ಅವನ ಮಗ ಬಸವಕುಮಾರ ಕೂಡ ವಿಜಿಯ ಹಾಗೆಯೇ. ವಯಸ್ಸೂ ಅದೇ ಸುಮಾರು. ಆದರೆ ಊರಿನಲ್ಲಿ ಯಾರೂ ಅದನ್ನು ಗಟ್ಟಿಯಾಗಿ ಆಡುತ್ತಿರಲಿಲ್ಲ. ಹುಡುಗನನ್ನು ಮಹಡಿಯ ಖೋಲಿಯಲ್ಲಿ ಇಟ್ಟಿದ್ದರು. ಅಕ್ಕಿ ಹಸನು ಮಾಡಲು ಹೋದ ಕೇರಿಯ ಹೆಂಗಸರು ಮೇಲಿನಿಂದ ಅವನು ಬಾಗಿಲು ಬಡಿಯುವ ಸಪ್ಪಳ ಕೇಳಿ, ಕೇಳದವರಂತೆ ಮೊರ ಆಡಿಸುತ್ತಿದ್ದರು.

ಕಾಶಿನಾಥ ಸರ್ ಗಂಗಾವತಿಯಲ್ಲಿ ‘ಹೊಸಹಾದಿ ಶೈಕ್ಷಣಿಕ ಸಲಹಾ ಕೇಂದ್ರ’ ಇಟ್ಟಿದ್ದರು. ಓದು ಹತ್ತದ, ಹಟ ಮಾಡುವ, ಬುದ್ಧಿ ಬೆಳೆಯದ ಮಕ್ಕಳ ಮನೆಗೇ ಹೋಗಿ, ಮಗುವನ್ನು ನೋಡಿ, ಯಾವ ಊರಿನ ಯಾವ ಶಾಲೆ ಅದಕ್ಕೆ ಒಗ್ಗುತ್ತದೆ ಎಂದು ಹೇಳಿ, ಸೀಟು ಕೊಡಿಸುವುದು ಅವರ ಕಸುಬು. ಕಸುಬಿನಲ್ಲಿ ತಪ್ಪಿಲ್ಲ. ಅಂಥವರೊಬ್ಬರು ಬೇಕೇ ಬೇಕು. ಬೇಕಾದವರಿಗೆ ಸಿಗುತ್ತಾರೆಯೇ ಎಂಬುದು ಬೇರೆ ಮಾತು. ಸಾಹುಕಾರರ ಮನೆಯಲ್ಲಿ ಊಟ ಮುಗಿಸಿ, ಗದ್ದೆ ನೋಡಲು ಬಂದವರು ಮರದ ಬಳಿ ಗಕ್ಕನೆ ನಿಂತರು. ಫೋನು ತೆಗೆದರು. ಒಂದು ಕಡೆಯಿಂದ ಒಂದು, ಇನ್ನೊಂದು ಕಡೆಯಿಂದ ಇನ್ನೊಂದು, ಕೂತು ಒಂದು ಫೋಟೊ ಹೊಡೆದರು. ಆಮೇಲೆ ತಾಯಿ ಯಾರೆಂದು ಕೇಳಿದರು.

ಫಕೀರಮ್ಮ ಕೆಸರಿನಿಂದ ಎದ್ದು ಬಂದು, ಕೈ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯದೆ ನಿಂತಳು.

“ನೋಡಮ್ಮ, ಪ್ರತಿಯೊಂದು ಮಗುನೂ ಬ್ಯಾರೆ. ಪ್ರತಿಯೊಂದಕ್ಕೂ ಅದರದೇ ಒಂದು ದಾರಿ ಇರ್ತದ,” ಅಂದರು ಕಾಶಿನಾಥ ಸರ್. “ನಿನ್ನ ಮಗಳಿಗೂ ಐತಿ. ವಸತಿ ಸಾಲಿ. ಊಟ, ಬಟ್ಟಿ, ಆರೈಕಿ, ಎಲ್ಲಾ ಪುಗಸಟ್ಟೆ. ನಾ ಮಾತಾಡ್ತೀನಿ. ಆಫೀಸಿಗೆ ಬಾ.”

“ಫೋಟೊ ಯಾಕ್ರೀ ಸರ?”

“ಸೀಟಿಗೆ ಬೇಕಾಗ್ತದ.”

ಫಕೀರಮ್ಮ ಕೆಸರು ಮೆತ್ತಿದ ಕೈಯಲ್ಲೇ ಅವರ ಬೂಟು ಮುಟ್ಟಲು ಹೋದಳು. ಅವರು ಹಿಂದೆ ಸರಿದರು. ಬೂಟು ಬೆಳ್ಳಗಿತ್ತು.

ಆಮೇಲೆ ಶುರುವಾಯಿತು ಗಂಗಾವತಿ ಯಾತ್ರೆ. ಕೂಲಿ ಬಿಟ್ಟು, ಮಗಳನ್ನು ಪಕ್ಕಕ್ಕೆ ಒತ್ತಿ ಹಿಡಿದುಕೊಂಡು ಬಸ್ಸು ಹತ್ತುವುದು. ವಿಜಿ ಮುಂದಿನವರ ಕೂದಲು ಹಿಡಿದರೆ ಬೈಗುಳ ತಿನ್ನುವುದು. ಕೇಂದ್ರದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಚಪ್ಪಲಿಯ ಪಕ್ಕದಲ್ಲೇ ಕೂಡುವುದು. ಒಳಗೆ ಮೆತ್ತನೆ ಕುರ್ಚಿಗಳಿದ್ದವು. ಅವು ಫೀಸು ಕಟ್ಟಿದವರಿಗೆ. “ಇವತ್ತು ಸರ್ ಬಿಜಿ,” “ಇವತ್ತು ಸರ್ ಕೊಪ್ಪಳಕ್ಕ ಹೋಗ್ಯಾರ,” “ಮುಂದಿನ ವಾರ ಬಾ.” ಒಂದು ದಿನ ಕಾದು ಕಾದು ವಿಜಿ ಬಿಳಿ ಟೈಲ್ಸಿನ ಮೇಲೆ ಒಂದಕ್ಕೆ ಮಾಡಿಬಿಟ್ಟಳು. ಕೌಂಟರಿನ ಹುಡುಗಿ ಮೂಗು ಮುಚ್ಚಿಕೊಂಡಳು. ಇಂಥ ಮಕ್ಕಳಿಗಾಗಿಯೇ ಇಟ್ಟ ಆಫೀಸು ಅದು! ಫಕೀರಮ್ಮ ಸೆರಗಿನಿಂದ ನೆಲ ಒರೆಸಿದಳು. ಸಾಲದೆಂದು ಹುಡುಗಿ ಫಿನಾಯಿಲ್ ತಂದುಕೊಟ್ಟಳು. ಮತ್ತೆ ಒರೆಸಿದಳು. ಮೆತ್ತನೆ ಕುರ್ಚಿಯ ತಾಯಿಯೊಬ್ಬಳು ತನ್ನ ಮಗನನ್ನು ಹತ್ತಿರಕ್ಕೆ ಎಳೆದುಕೊಂಡಳು. ಆ ಮಗನ ಬಾಯಿಯಿಂದಲೂ ಜೊಲ್ಲು ಸುರಿಯುತ್ತಿತ್ತು.

ಆದರೂ ಫಕೀರಮ್ಮ ಆಸೆ ಬಿಡಲಿಲ್ಲ. ಬಿಟ್ಟರೆ ಹಿಡಿದುಕೊಳ್ಳಲು ಇನ್ನೇನಿತ್ತು? ಸಾಲಿನಲ್ಲಿ ಬಗ್ಗಿ ನಿಂತಾಗ ಪಕ್ಕದವರಿಗೆ ಹೇಳುತ್ತಿದ್ದಳು, “ಸೀಟು ಬರ್ತೈತಂತ. ಸರ್ ಭಾಳ ಛಲೋ ಮನಷ್ಯಾ.” ಶಹನಾಜಬೇಗಂ ಮಾತ್ರ ಬಗ್ಗಿದ ತಲೆ ಎತ್ತದೆ ಸಸಿ ಊರುತ್ತಿದ್ದಳು.

ಒಂದು ಸಂಜೆ ಓಬಳೆಪ್ಪ ಮಿಲ್ಲಿನಿಂದ ಬಂದವನು ಕೈಕಾಲು ತೊಳೆಯಲಿಲ್ಲ. ಹೊಸ್ತಿಲ ಮೇಲೆ ಕೂತ. ಹೆಗಲ ಮೇಲಿನ ಚೀಲದ ಧೂಳು ಹಾಗೆಯೇ ಇತ್ತು.

“ಬಸ್ಟ್ಯಾಂಡಿನ್ಯಾಗ ವಿಜಿ ಅದಾಳ,” ಅಂದ.

“ವಿಜಿ ಇಲ್ಲೇ ಮಲಗ್ಯಾಳಲ್ಲ?”

“ಕಾರಟಗಿ ಬಸ್ಟ್ಯಾಂಡಿನ್ಯಾಗ. ಫ್ಲೆಕ್ಸಿನ್ಯಾಗ. ಹಮಾಲರೆಲ್ಲ ನೋಡಿ ಬಂದು ನನ್ನ ಮಾರಿ ನೋಡಿದ್ರು.”

ಮರುದಿನ ಫಕೀರಮ್ಮ ಹೋದಳು. ಫ್ಲೆಕ್ಸು ಮನೆಯ ಗೋಡೆಗಿಂತ ದೊಡ್ಡದಿತ್ತು. ಮರ, ಮರಕ್ಕೆ ಹಳದಿ ಸೀರೆ, ಸೀರೆಗೆ ವಿಜಿ. ಅವಳಿಗೆ ಓದಲು ಬರುವುದಿಲ್ಲ. ಪಕ್ಕದಲ್ಲಿ ಕಡಲೆ ಮಾರುತ್ತಿದ್ದ ಹುಡುಗಿಯನ್ನು ಕೇಳಿದಳು. ಹುಡುಗಿ ಗಟ್ಟಿಯಾಗಿ ಓದಿದಳು: “ನಿಮ್ಮ ಮಗು ಹೀಗಾಗುವ ಮುನ್ನ ಬನ್ನಿ. ಹೊಸಹಾದಿ ಶೈಕ್ಷಣಿಕ ಸಲಹಾ ಕೇಂದ್ರ, ಗಂಗಾವತಿ.”

ಫಕೀರಮ್ಮ ಅದನ್ನು ಬಹಳ ಹೊತ್ತು ನೋಡಿದಳು. ವಿಜಿಯ ಮುಖವನ್ನು ಮಸುಕು ಮಾಡಿದ್ದರು. ಮಾನ ಕಾಯುವ ರೀತಿ ಅದಂತೆ. ಆದರೆ ಆ ಹಳದಿ ಸೀರೆ ಯಾರದೆಂದು ಸುತ್ತಲ ಊರುಗಳ ನಾಟಿ ಹೆಂಗಸರಿಗೆಲ್ಲ ಗೊತ್ತು. ಮರದ ಹಿಂದೆ ಕಾಲುವೆ ಇತ್ತಲ್ಲ, ಅದು ಫ್ಲೆಕ್ಸಿನಲ್ಲಿ ಇರಲಿಲ್ಲ. ಎದುರಿಗೆ ಗದ್ದೆ ಇತ್ತು, ಅದೂ ಇರಲಿಲ್ಲ. ಗದ್ದೆಯಲ್ಲಿ ಬಗ್ಗಿ ನಿಂತ ಗುಂಪು, ಗುಂಪಿನ ತುದಿಯಲ್ಲಿ ಸಸಿ ಊರುತ್ತ ಮತ್ತೆ ಮತ್ತೆ ಕತ್ತೆತ್ತಿ ನೋಡುತ್ತಿದ್ದ ತಾಯಿ, ಎಲ್ಲವನ್ನೂ ಕತ್ತರಿಸಿ ಒಗೆದಿದ್ದರು. ಉಳಿದದ್ದು ಕಟ್ಟಿದ ಹುಡುಗಿ ಮಾತ್ರ. ಬಸ್ಸಿಗೆ ಕಾಯುತ್ತಿದ್ದ ಇಬ್ಬರು ಹೆಂಗಸರು ಮಾತಾಡಿಕೊಂಡರು. “ಎಂಥಾ ತಾಯಿ ಇರಬೇಕವ್ವಾ. ಹೊಟ್ಟಿಗಿ ಏನು ತಿಂತಾಳ?” ಫಕೀರಮ್ಮ ಅವರ ಪಕ್ಕದಲ್ಲೇ ನಿಂತಿದ್ದಳು.

ಅಲ್ಲಿಂದ ನೆಟ್ಟಗೆ ಗಂಗಾವತಿಯ ಬಸ್ಸು ಹತ್ತಿದಳು. ಈ ಸಲ ಚಪ್ಪಲಿಯ ಬಳಿ ಕೂಡಲಿಲ್ಲ. ಬಾಗಿಲು ನೂಕಿಕೊಂಡು ಒಳಗೆ ಹೋದಳು. ಕಾಶಿನಾಥ ಸರ್ ಸಿಟ್ಟಾಗಲಿಲ್ಲ. ನಗುನಗುತ್ತ ಕುರ್ಚಿ ತೋರಿಸಿದರು. ಅಂಥವರ ಸಿಟ್ಟಿಗಿಂತ ನಗೆಗೆ ಹೆದರಬೇಕು.

“ಮುಖ ತೋರ್ಸಿಲ್ಲಲ್ಲಮ್ಮ, ಮತ್ತ್ಯಾಕ ಬ್ಯಾಸರ? ಆ ಫೋಟೊ ನೋಡಿ ಎಷ್ಟು ಪಾಲಕರು ಎಚ್ಚರಾದ್ರು ಗೊತ್ತೇನು? ನಿನ್ನ ಮಗಳಿಂದ ನಾಕು ಮಕ್ಕಳಿಗೆ ಒಳ್ಳೇದಾತು.”

“ನನ್ನ ಮಗಳಿಗೇನಾತ್ರಿ?”

ಅವರು ಮೇಜಿನ ಮೇಲೆ ಮುಂದೆ ಬಾಗಿದರು. ಸೀಟು ತಯಾರಿದೆ ಎಂದರು. ಸೋಮವಾರವೇ ಬಿಟ್ಟುಬರಬಹುದು. ಅದಕ್ಕೆ ಮೊದಲು, ಭಾನುವಾರ ಕಲ್ಯಾಣಮಂಟಪದಲ್ಲಿ ಪಾಲಕರ ಸಮಾವೇಶ ಇದೆ. ಅಲ್ಲಿ ಸ್ಟೇಜಿನ ಮೇಲೆ ನಾಲ್ಕು ಮಾತು ಆಡಬೇಕು. ತಿಳಿವಳಿಕೆ ಇಲ್ಲದೆ ಮಗಳನ್ನು ಕಟ್ಟಿಹಾಕುತ್ತಿದ್ದೆ, ಸರ್ ಬಂದು ಕಣ್ಣು ತೆರೆಸಿದರು, ಈಗ ಮಗಳು ಸುಧಾರಿಸಿದ್ದಾಳೆ. ಇಷ್ಟೇ.

“ಸುಧಾರ್ಸಿಲ್ಲಲ್ರೀ ಸರ.”

“ಸುಧಾರಸ್ತಾಳ. ಸಾಲಿಗೆ ಹೋದಮ್ಯಾಲೆ ಸುಧಾರಸೂದು ಇದ್ದೇ ಐತಿ. ಒಂದು ದಿನ ಮುಂಚೆ ಹೇಳ್ತಿ, ಅಷ್ಟ.”

ರಾತ್ರಿ ಗಂಡನಿಗೆ ಹೇಳಿದಳು. ಓಬಳೆಪ್ಪ ಯೋಚಿಸಲಿಲ್ಲ. “ಹೇಳು,” ಅಂದ. “ಮಾನ ಹೋಗೂದು ಹೋಗೇತಿ. ಇನ್ನೇನು ಉಳದೇತಿ ಅಂತ ಕುಂತಿ? ಹೇಳಿ ಬಾ.” ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಫಕೀರಮ್ಮ ಒಪ್ಪಿಕೊಂಡಳು. ಇಲ್ಲಿ ಅವಳನ್ನು ದೊಡ್ಡ ಸತ್ಯವಂತೆ ಮಾಡುವುದು ಬೇಡ. ಅವಳು ಮನಸಾರೆ ಸುಳ್ಳು ಹೇಳಲು ತಯಾರಾದಳು. ಸಸಿ ಊರುತ್ತ ಊರುತ್ತ ಆ ಮಾತುಗಳನ್ನು ಬಾಯಿಪಾಠ ಮಾಡಿದಳು. “ತಿಳಿವಳಿಕಿ ಇರಲಿಲ್ರಿ, ಸರ್ ಬಂದು ಕಣ್ಣು ತೆರಸಿದ್ರಿ.” ಗುಂಪಿನವರು ತಪ್ಪಿದಲ್ಲಿ ತಿದ್ದಿದರು. ಮೊದಲ ದಿನ ನಗು ಬಂತು. ಎರಡನೇ ದಿನ ಯಾರೂ ನಗಲಿಲ್ಲ.

ಭಾನುವಾರ ಕಲ್ಯಾಣಮಂಟಪ ತುಂಬಿತ್ತು. ಮಿಲ್ಲಿನವರು, ಅಂಗಡಿಯವರು, ನೌಕರದಾರರು. ಮುಂದಿನ ಸಾಲಿನಲ್ಲಿ ಹಂಪಣ್ಣ ಮತ್ತು ಅವನ ಹೆಂಡತಿ ಶಿವಲೀಲಾ. ಮಗನನ್ನು ಕರೆತಂದಿರಲಿಲ್ಲ. ಶಿವಲೀಲಾ ಉರಿಸೆಖೆಯಲ್ಲೂ ಮಣಿಕಟ್ಟಿನವರೆಗೆ ತೋಳಿರುವ ಕುಪ್ಪಸ ತೊಟ್ಟಿದ್ದಳು. ತೋಳು ಸರಿದಾಗ ಕಚ್ಚಿದ ಗುರುತುಗಳು ಕಂಡವು. ಫಕೀರಮ್ಮನ ತೋಳಿನಲ್ಲೂ ಅಂಥವು ಇದ್ದವು. ಓಬಳೆಪ್ಪ ಹಿಂದಿನ ಬಾಗಿಲ ಬಳಿ ನಿಂತಿದ್ದ.

ಕಾಶಿನಾಥ ಸರ್ ಮೈಕು ಹಿಡಿದು ಚೆನ್ನಾಗಿ ಮಾತಾಡಿದರು. ಹಿಂದೆ ಅದೇ ಫ್ಲೆಕ್ಸು. “ಇದು ಇವರ ತಪ್ಪಲ್ಲ,” ಅಂದರು. “ಇಂಥಾ ಜನಕ್ಕ ಇದೊಂದೇ ದಾರಿ ಗೊತ್ತು. ನಾವು ಕಲಿತವರು ಹೀಗಾಗಬಾರದು.” ಆಮೇಲೆ ಫಕೀರಮ್ಮನನ್ನೂ ವಿಜಿಯನ್ನೂ ಮೇಲೆ ಕರೆದರು. ದೀಪದ ಬೆಳಕಿಗೆ ವಿಜಿ ಕಣ್ಣು ಕಿರಿದು ಮಾಡಿ ಕೈ ಬಡಿದಳು. ಕೆಲವರು ಅಯ್ಯೋ ಅಂದರು. ಫಕೀರಮ್ಮ ಬಾಯಿಪಾಠದ ಮೊದಲ ಮಾತು ಹುಡುಕಿಕೊಂಡಳು. ಸಿಕ್ಕಿತು. ಹೇಳಬೇಕು ಅನ್ನುವಷ್ಟರಲ್ಲಿ ಕಾಶಿನಾಥ ಸರ್ ಮೈಕು ಪಕ್ಕಕ್ಕೆ ಸರಿಸಿ ಅವಳ ಕಿವಿಯ ಹತ್ತಿರ ಬಂದರು.

“ಮೊದಲು ಒಮ್ಮೆ ಈ ಕಂಬಕ್ಕ ಕಟ್ಟಿ ತೋರ್ಸಮ್ಮ. ಆಮ್ಯಾಲೆ ನಾ ಬಂದು ಬಿಚ್ಚತೀನಿ. ಜನಕ್ಕ ಮನಸಿಗೆ ಹತ್ತತೈತಿ.”

ಕೌಂಟರಿನ ಹುಡುಗಿ ಹಗ್ಗ ತಂದಳು. ಅಂಗಡಿಯಿಂದ ಆಗಲೇ ಬಿಚ್ಚಿ ತಂದ ಹೊಸ ನೈಲಾನ್ ಹಗ್ಗ. ಮುಟ್ಟಿದರೆ ಅಂಗೈ ತರಚುವಂಥದ್ದು. ಫಕೀರಮ್ಮನ ಕೈಗೆ ಅದನ್ನು ಕೊಟ್ಟಳು.

ವಿಜಿ ಹಗ್ಗ ನೋಡಿದಳು. ಅವ್ವನ ಮುಖ ನೋಡಿದಳು. ತಾನಾಗಿಯೇ ಕಂಬದ ಹತ್ತಿರ ಹೋಗಿ ನಿಂತು, ಎರಡೂ ಕೈ ಮೇಲೆತ್ತಿದಳು. ಸೊಂಟಕ್ಕೆ ಸುತ್ತಲು ಅನುಕೂಲವಾಗಲಿ ಎಂದು. ದಿನಾ ಬೆಳಗ್ಗೆ ಬದುವಿನ ಮೇಲೆ ಹಾಗೆಯೇ ಎತ್ತುತ್ತಿದ್ದಳು. ಇಡೀ ಲೋಕದಲ್ಲಿ ಆ ಹುಡುಗಿಗೆ ಕಲಿಸಿದ್ದು ಅದೊಂದೇ. ಅದನ್ನು ಚೆನ್ನಾಗಿ ಕಲಿತಿದ್ದಳು.

ಫಕೀರಮ್ಮ ಹಗ್ಗವನ್ನು ಒಗೆದಳು. ಅದು ಕಾಶಿನಾಥ ಸರ್ ಅವರ ಎದೆಗೆ ಬಡಿದು ಕೆಳಗೆ ಬಿತ್ತು.

“ಕಟ್ಟಂಗಿಲ್ಲ,” ಅಂದಳು.

“ಏ ಅಮ್ಮಾ, ಸುಮ್ನ—”

“ಕಟ್ಟಂಗಿಲ್ಲ ಅಂದ್ನಲ್ಲ! ಕೈ ಕೆಳಗ ಇಳಿಸು ವಿಜೀ. ಇಳಿಸವ್ವ.” ವಿಜಿ ಇಳಿಸಲಿಲ್ಲ. ಫಕೀರಮ್ಮ ತಾನೇ ಹೋಗಿ ಆ ಕೈಗಳನ್ನು ಇಳಿಸಿದಳು. ತಿರುಗಿ ಮೈಕಿನ ಎದುರು ನಿಂತಳು. ಮೈಕಿನಲ್ಲಿ ಮಾತಾಡಿ ಗೊತ್ತಿರಲಿಲ್ಲ. ಗದ್ದೆಯ ಈ ತುದಿಯಿಂದ ಆ ತುದಿಗೆ ಕೂಗುವ ದನಿಯಲ್ಲೇ ಮಾತಾಡಿದಳು. ಮಂಟಪ ಗಡಗಡ ಅಂದಿತು.

“ನಾ ಕಟ್ಟೀನ್ರಿ. ಹೌದು. ತಿಳಿವಳಿಕಿ ಇಲ್ಲದ ಕಟ್ಟಿಲ್ಲ, ತಿಳದ ಕಟ್ಟೀನಿ. ಬಿಟ್ರ ಕಾಲುವ್ಯಾಗ ಹೆಣ ಹುಡುಕಬೇಕಾಗ್ತಿತ್ತು. ಆ ಫೋಟೊದಾಗ ಕಾಲುವಿ ಎಲ್ಲೈತ್ರಿ? ನಾ ಎಲ್ಲದೀನ್ರಿ? ಎದುರಿಗೇ ಇದ್ನಿ. ಮೊಣಕಾಲ ಮಟ ಕೆಸರಿನ್ಯಾಗ ಇದ್ನಿ. ನೀವು ಉಣ್ಣೋ ಅನ್ನಾನ ಹಚ್ಚತಿದ್ನಿ. ನನ್ನ ಕತ್ತರಿಸಿ ಒಗದ್ರಿ. ನನ್ನ ಮಗಳ ಮಾರಿ ಅಳಸಿದ್ರಿ. ಸಾಲಿಯವರು ಹೊರಗ ಹಾಕಿದ್ರು. ಈ ಸರ್ ಚಪ್ಪಲಿ ಬಲ್ಲಿ ಕುಂದರಿಸಿದ್ರು. ನಾ ಇಕಿನ್ನ ಎಲ್ಲಿ ಇಡ್ಲಿ? ಯಾರರ ಒಬ್ರು ಹೇಳ್ರಿ. ಇಷ್ಟು ಕಲತ ಮಂದಿ ಕುಂತೀರಿ. ಹಗಲೊತ್ತು ಎಲ್ಲಿ ಇಡ್ಲಿ ಹೇಳ್ರಿ!”

ಕಾಶಿನಾಥ ಸರ್ ಮೈಕಿನ ವೈರು ಹುಡುಕುತ್ತಿದ್ದರು. ಹಂಪಣ್ಣ ಎದ್ದುನಿಂತ.

“ಏ ಫಕೀರಿ! ಇಳಿ ಕೆಳಗ! ಹೇಳೋರು ಕೇಳೋರು ಯಾರೂ ಇಲ್ಲೇನು ನಿನಗ? ಎಲ್ಲಿ ಅದಾನ ಅವ, ಓಬಳ್ಯಾ?”

ಆಗ ಅವಳಿಗೆ ಹಿಂದೆಮುಂದೆ ಕಾಣಲಿಲ್ಲ.

“ಸಾವ್ಕಾರ್ರ, ಆ ಗಿಡ ನಿಮ್ದು. ನಿಮ್ಮ ಗದ್ದ್ಯಾಗ ದುಡಿಯಾಕ ನಾ ಕಟ್ಟೀನಿ. ನಿಮ್ಮ ಹುಡುಗನ ಖೋಲಿಗಿ ಹೊರಗಿನಿಂದ ಚಿಲಕ ಐತಿ. ಆ ಬಾಗಲದ್ದು ಯಾಕ ಫ್ಲೆಕ್ಸ್ ಹಾಕ್ಸಿಲ್ಲ? ನಿಮ್ಮ ಮಗಾ ಮಗಾ, ನನ್ನ ಮಗಳು ಬೋರ್ಡೇನು?”

ಅಷ್ಟರಲ್ಲಿ ಮೈಕು ಸತ್ತಿತು. ಆದರೂ ಎಲ್ಲರಿಗೂ ಕೇಳಿಸಿತ್ತು. ಶಿವಲೀಲಾ ತಲೆ ಮೇಲೆತ್ತಲಿಲ್ಲ. ತೋಳಿನ ಬಟ್ಟೆಯನ್ನು ಎರಡೂ ಕೈಯಿಂದ ಕೆಳಗೆಳೆದುಕೊಂಡು, ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಆ ತಾಯಿಯ ಮೇಲೆ ಫಕೀರಮ್ಮನಿಗೆ ಸಿಟ್ಟಿರಲಿಲ್ಲ. ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳಲೂ ಇಲ್ಲ. ಮಗಳ ಕೈ ಹಿಡಿದು ಕೆಳಗೆ ಇಳಿದಳು. ಜನ ದಾರಿ ಬಿಟ್ಟರು.

ರಸ್ತೆಯಲ್ಲಿ ಓಬಳೆಪ್ಪ ಮುಂದೆ, ಇವರಿಬ್ಬರು ಹಿಂದೆ. ಅವನು ಬಸ್ಸು ಹತ್ತಿದ ಮೇಲೆ ಕಿಟಕಿಯ ಕಡೆ ತಿರುಗಿ ಕೇಳಿದ.

“ಒಂದು ಸುಳ್ಳು ಹೇಳಿದ್ರ ಏನು ನಾಲಿಗಿ ಬಿದ್ದು ಹೋಗ್ತಿತ್ತೇನು?”

“ಹೇಳಾಕಽ ಹೋಗಿದ್ನಿ. ಅಕಿ ಕೈ ಎತ್ತಿದ್ದು ನೋಡ್ಲಿಲ್ಲೇನು ನೀ?”

ಅವನು ನೋಡಿದ್ದ. ಸ್ವಲ್ಪ ದೂರ ಹೋದ ಮೇಲೆ ದನಿ ತಗ್ಗಿಸಿ ಅಂದ, “ನಾಳಿ ಎಲ್ಲಿ ಬಿಡ್ತಿ ಇಕಿನ್ನ?”

ಸಂಜೆಗೆ ಮಿಲ್ಲಿನಿಂದ ಫೋನು ಬಂತು, ಓಬಳೆಪ್ಪ ಇನ್ನು ಬರುವುದು ಬೇಡವೆಂದು. ಹಂಪಣ್ಣನ ಗದ್ದೆಗೆ ಫಕೀರಮ್ಮ ಕಾಲಿಡಬಾರದೆಂದೂ ಹೇಳಿಕಳಿಸಿದರು. ಶಹನಾಜಬೇಗಂ ಬಂದು, ಸೇರಿನಷ್ಟು ಜೋಳದ ಹಿಟ್ಟು ಇಟ್ಟು ಹೋದಳು. ಗುಂಪು ಬೆಳಗಾದರೆ ಅದೇ ಗದ್ದೆಗೆ ಹೋಗಬೇಕಿತ್ತು. ಹೋಗದೆ ಅವರಿಗೂ ಗತಿಯಿರಲಿಲ್ಲ. ಆ ರಾತ್ರಿ ಫಕೀರಮ್ಮನಿಗೆ ಸಾಯುವ ಯೋಚನೆ ಬಂತು. ತಾನೊಬ್ಬಳೇ ಸತ್ತರೆ ವಿಜಿಯ ಗತಿ? ಇಬ್ಬರೂ ಹೋಗೋಣವೆಂದರೆ ಕಾಲುವೆ ಹತ್ತಿರವೇ ಇತ್ತು. ಮಗಳು ನಗುತ್ತಲೇ ಇಳಿಯುತ್ತಾಳೆ, ಒತ್ತಾಯ ಮಾಡಬೇಕಿಲ್ಲ. ಆ ಯೋಚನೆ ಬಂದದ್ದಕ್ಕೆ ಎದ್ದು ಕೂತು ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಳು.

ಬೆಳಗ್ಗೆ ವಿಜಿಗೆ ತಲೆ ಬಾಚಿ, ಜಡೆ ಹಾಕಿ, ಒಗೆದ ಲಂಗ ತೊಡಿಸಿದಳು. ಊರ ಶಾಲೆಯ ಗೇಟು ತೆಗೆಯುವುದಕ್ಕೇ ಕಾದಿದ್ದು ಒಳಗೆ ಹೋದಳು. ಏಳನೆಯ ತರಗತಿಯಲ್ಲಿ ಹುಡುಗಿಯರ ಸಾಲಿನ ಕೊನೆಗೆ ವಿಜಿಯನ್ನು ಕೂಡಿಸಿ, ತಾನು ಬಾಗಿಲಲ್ಲಿ ಕೂತಳು. ಹೆಡ್ ಮಾಸ್ತರರು ಓಡಿಬಂದರು.

“ಏನವ್ವ ಇದು? ಎಬ್ಬಿಸು ಅಕಿನ್ನ.”

“ಎಬ್ಬಸಂಗಿಲ್ರಿ.”

“ಬ್ಯಾರೆ ಸಾಲಿ ಐತಿ ಅಂತ ಹೇಳಿಲ್ಲೇನು ನಿನಗ?”

“ನೋಡಿ ಬಂದ್ನಿ ಬ್ಯಾರೆ ಸಾಲಿ. ನನ್ನ ಮಗಳಿಗೆ ಇರೂದು ಇದೊಂದಽ ಸಾಲಿ.”

“ಮೈಮ್ಯಾಲೆ ಖಬರಿಲ್ಲದ ಹುಡುಗಿ. ಯಾರು ನೋಡ್ಕೋಬೇಕು?”

“ನೀವು ಕಲಿಯೂತನಕ ನಾ ನೋಡ್ಕೋತೀನಿ. ಇಲ್ಲೇ ಬಾಗಲದಾಗ ಕುಂದರ್ತೀನಿ.”

“ಎಷ್ಟು ದಿನ ಕುಂದರ್ತಿ? ಹೊಟ್ಟಿಗಿ ಕೂಲಿ ಬ್ಯಾಡೇನು?”

“ಬೇಕ್ರಿ. ಕೂಲಿ ಇಲ್ಲಂದ್ರ ಒಲಿ ಹತ್ತಂಗಿಲ್ಲ. ಆದ್ರೂ ಏಳಂಗಿಲ್ರಿ.”

“ಪೊಲೀಸರಿಗೆ ಫೋನ್ ಮಾಡ್ತೀನಿ ನೋಡು.”

“ಮಾಡ್ರಿ. ಮಗಳನ್ನ ಸಾಲಿಗೆ ಕರಕೊಂಡು ಬಂದ್ಳು ಅಂತ ಹೇಳ್ರಿ.”

ಹೆಡ್ ಮಾಸ್ತರರು ಫೋನು ಹಿಡಿದು ಅಂಗಳಕ್ಕೆ ಹೋದರು. ತರಗತಿಯಲ್ಲಿ ಶ್ವೇತಾ ಟೀಚರ್ ಇದ್ದರು. ಹೊಸದಾಗಿ ಬಂದವರು, ಇನ್ನೂ ನೌಕರಿ ಕಾಯಂ ಆಗಿರಲಿಲ್ಲ. ಏನು ಮಾಡಬೇಕೋ ತಿಳಿಯದೆ ಹಾಜರಿ ಪುಸ್ತಕ ತೆಗೆದರು. ಒಬ್ಬೊಬ್ಬರ ಹೆಸರನ್ನೂ ಕರೆದರು. ಒಬ್ಬೊಬ್ಬರೂ ಎದ್ದು ಓಗೊಟ್ಟರು. ಕೊನೆಯ ಹೆಸರು ಮುಗಿಯಿತು. ಟೀಚರ್ ಪುಸ್ತಕ ಮುಚ್ಚಿದರು.

“ಇನ್ನೊಂದು ಹೆಸರು ಐತ್ರಿ,” ಅಂದಳು ಫಕೀರಮ್ಮ.

ಟೀಚರ್ ಅವಳ ಕಡೆ ನೋಡಿದರು.

“ವಿಜಯಲಕ್ಷ್ಮಿ. ಅಪ್ಪನ ಹೆಸರು ಓಬಳೆಪ್ಪ. ಕರೀರಿ.”

“ಇದರಾಗ ಆ ಹೆಸರು ಇಲ್ಲಮ್ಮ.”

“ಬರಕೊಳ್ರಿ. ಬರಕೊಂಡು ಕರೀರಿ. ಅಕಿಗೆ ಓಗೊಡಾಕ ಬರಂಗಿಲ್ಲ. ನಾ ಕೊಡ್ತೀನಿ.”

ಶ್ವೇತಾ ಟೀಚರ್ ಪೆನ್ನು ಕೈಗೆ ತೆಗೆದುಕೊಂಡರು. ಕಿಟಕಿಯಿಂದ ಅಂಗಳದಲ್ಲಿ ನಿಂತ ಹೆಡ್ ಮಾಸ್ತರರನ್ನು ನೋಡಿದರು. ಪೆನ್ನು ಕೆಳಗಿಟ್ಟರು. ವಿಜಿ ಕಿಟಕಿಯ ಸರಳನ್ನು ಬೆರಳಿನಿಂದ ತಟ್ಟುತ್ತಿದ್ದಳು.

ಯಾರೂ ಕರೆಯಲಿಲ್ಲ. ಫಕೀರಮ್ಮ ಬಾಗಿಲ ಚೌಕಟ್ಟು ಹಿಡಿದು ಎದ್ದುನಿಂತಳು.

“ವಿಜಯಲಕ್ಷ್ಮೀ!” ಎಂದು ತಾನೇ ಕರೆದಳು.

“ಹಾಜರ್ ಅದಾಳ್ರಿ!” ಎಂದು ತಾನೇ ಓಗೊಟ್ಟಳು.

ಟೀಚರ್ ಬರೆದುಕೊಳ್ಳಲಿಲ್ಲ. ಫಕೀರಮ್ಮ ಇನ್ನೂ ಗಟ್ಟಿಯಾಗಿ ಕರೆದಳು.